ಕಾಲಿನ ದೂರು, ಕಣ್ಣಿನ ಜಂಬ

ವರ್ಷಕ್ಕೆ ಒಂದೆರಡು ಬಾರಿಯಾದರೂ ನಮ್ಮ ಸಭೆಗಳಲ್ಲಿ ಕೇಳಿಬರುವ ಪ್ರಸಂಗವೊಂದಿದೆ. ಪಾಸ್ಟೊರೇಟ್ ಕಮಿಟಿಯ ಚುನಾವಣೆ ಹತ್ತಿರವಾದಾಗ, ಕ್ವಾಯರಿನವರಿಗೂ ಯುವಜನರಿಗೂ ಗಿಟಾರಿನ ವಿಷಯಕ್ಕೆ ಮಾತು ಬಿಟ್ಟುಹೋದಾಗ, ಹಿರಿಯರೊಬ್ಬರು ಮುನಿಸಿಕೊಂಡು ಆರಾಧನೆಗೆ ಬರುವುದನ್ನೇ ನಿಲ್ಲಿಸಿದಾಗ ಅದು ತಪ್ಪದೆ ಬರುತ್ತದೆ. ಅದಕ್ಕೆ ಆಧಾರ, ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯ. ಪ್ರಸಂಗದ ಸಾರ ಇಷ್ಟು: ಸಭೆಯೆಂಬುದು ಒಂದು ದೇಹ, ನಾವೆಲ್ಲ ಅದರ ಅಂಗಗಳು. ಒಬ್ಬರಿಗೆ ಬೋಧಿಸುವ ವರ, ಇನ್ನೊಬ್ಬರಿಗೆ ಹಾಡುವ ವರ, ಮತ್ತೊಬ್ಬರಿಗೆ ಕುರ್ಚಿ ಜೋಡಿಸಿ ಊಟ ಬಡಿಸುವ ವರ. ಕೈ ಕೈಯ ಕೆಲಸ ಮಾಡಲಿ, ಕಾಲು ಕಾಲಿನ ಕೆಲಸ ಮಾಡಲಿ. ಆಗ ಜಗಳಕ್ಕೆ ಎಡೆಯಿರುವುದಿಲ್ಲ. ಕೇಳಿದವರು ತಲೆದೂಗುತ್ತಾರೆ. ಆಶೀರ್ವಾದ ಮುಗಿದ ಮೇಲೆ ಬೋಧಿಸುವವರು ಬೋಧಿಸುವುದಕ್ಕೆ, ಕುರ್ಚಿ ಜೋಡಿಸುವವರು ಕುರ್ಚಿ ಜೋಡಿಸುವುದಕ್ಕೆ ಮರಳುತ್ತಾರೆ.

ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ದೇಹ, ಅಂಗ, ವರ ಎಂಬ ಮೂರೂ ಶಬ್ದಗಳು ಆ ಅಧ್ಯಾಯದಲ್ಲೇ ಇವೆ. ಪ್ರಸಂಗಿ ಹೊರಗಿನಿಂದ ತಂದದ್ದಲ್ಲ. ಹೊಟ್ಟೆಕಿಚ್ಚು ಯಾವ ಸಮುದಾಯಕ್ಕೂ ಒಳ್ಳೆಯದು ಮಾಡಿಲ್ಲ. ಅದನ್ನು ತಣಿಸುವ ಮಾತು ಯಾವಾಗಲೂ ಬೇಕು. ಐವತ್ತು ಜನರಿಗೆ ಐವತ್ತು ಬಗೆಯ ಸಾಮರ್ಥ್ಯವಿದೆಯೆಂದು ಒಪ್ಪುವುದು, ಎಲ್ಲರೂ ಒಂದೇ ಅಚ್ಚಿನಲ್ಲಿರಲಿ ಎನ್ನುವುದಕ್ಕಿಂತ ಎಷ್ಟೋ ಉದಾರ. ಅಡುಗೆಮನೆಯಲ್ಲಿ ದುಡಿಯುವವರ ಕೆಲಸವನ್ನು ಪೀಠದಿಂದ ಹೆಸರಿಸಿ ಮೆಚ್ಚುವುದೂ ಸಣ್ಣ ಸಂಗತಿಯಲ್ಲ. ಆದರೂ ಈ ಬೋಧನೆಯ ಅಡಿಯಲ್ಲಿ ಮೂರು ಊಹೆಗಳು ಕೂತಿವೆ. ಮೂರೂ ಒಂದಕ್ಕೊಂದು ಆಸರೆಯಾಗಿ ನಿಂತಿರುವುದರಿಂದ ಬಿಡಿಬಿಡಿಯಾಗಿ ಕಾಣುವುದಿಲ್ಲ.

1. ವರ ಎಂಬುದು ವ್ಯಕ್ತಿಯ ಸೊತ್ತು. ಯಾರ ಬಳಿ ಯಾವುದಿದೆ ಎಂದು ಪತ್ತೆಹಚ್ಚಿ ಪಟ್ಟಿ ಮಾಡಬಹುದು.

2. ದೇಹದ ರೂಪಕ ಹೇಳುವುದು ಅವರವರ ಜಾಗದ ಬಗ್ಗೆ. ಕಾಲು ಕಾಲಾಗಿ ಇರುವುದರಲ್ಲಿ ತೃಪ್ತಿ ಕಾಣಬೇಕು.

3. ಐಕ್ಯವೆಂದರೆ ತಕರಾರಿಲ್ಲದಿರುವುದು, ವೈವಿಧ್ಯ ಅತಿಯಾದರೆ ಐಕ್ಯಕ್ಕೆ ಕುತ್ತು, ಆದ್ದರಿಂದ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿಸಬೇಕು.

ಮೊದಲನೆಯದಕ್ಕೆ ನಮ್ಮ ಭಾಷೆಯೇ ಸ್ವಲ್ಪ ಕಾರಣ. ಪೌಲ ಬಳಸಿದ ಗ್ರೀಕ್ ಶಬ್ದ ‘ಖಾರಿಸ್ಮ’. ಅದರ ಬೇರು ‘ಖಾರಿಸ್’, ಅಂದರೆ ಕೃಪೆ. ಕನ್ನಡ ಬೈಬಲಿನ ಭಾಷಾಂತರಕಾರರು ‘ಕೃಪಾವರ’ ಎಂದರು. ಒಳ್ಳೆಯ ಶಬ್ದವೇ. ಆದರೆ ಬಳಕೆಯಲ್ಲಿ ಕೃಪೆ ಉದುರಿಹೋಗಿ ವರ ಮಾತ್ರ ಉಳಿಯಿತು. ವರ ಎಂದೊಡನೆ ಕನ್ನಡದ ಕಿವಿಗೆ ಕೇಳಿಸುವುದು ಪುರಾಣ: ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡಿದವನಿಗೆ ದೇವರು ಪ್ರತ್ಯಕ್ಷನಾಗಿ ಬೇಕಾದ್ದನ್ನು ಕೊಡುತ್ತಾನೆ, ಕೊಟ್ಟ ಮೇಲೆ ಅದು ಪಡೆದವನದು, ಕೊಟ್ಟವನೂ ಹಿಂದಕ್ಕೆ ತೆಗೆದುಕೊಳ್ಳಲಾರ. ಅದಕ್ಕೇ ಭಸ್ಮಾಸುರನ ಕೈಗೆ ಹೆದರಿ ಶಿವನೇ ಓಡಬೇಕಾಯಿತು. ಆ ಪುರಾಣದ ವರಕ್ಕೆ ಮೂರು ಲಕ್ಷಣ: ಅದು ಗಳಿಸಿದ್ದು, ಅದು ಸ್ವಂತದ್ದು, ಅದನ್ನು ಪರರ ಮೇಲೆ ಪ್ರಯೋಗಿಸಬಹುದು. ಪೌಲನ ಮಾತು ಮೂರಕ್ಕೂ ಎದುರು ನಿಲ್ಲುತ್ತದೆ. ಯಾರಿಗೆ ಏನು ಎಂಬುದನ್ನು ಆತ್ಮ ತನ್ನ ಇಚ್ಛೆಯಂತೆ ಹಂಚುತ್ತದೆ, ಅರ್ಹತೆ ನೋಡಿ ಅಲ್ಲ. ಕೊಡುವುದು ಎಲ್ಲರ ಪ್ರಯೋಜನಕ್ಕಾಗಿ, ಪಡೆದವನ ಹೆಚ್ಚಳಕ್ಕಾಗಿ ಅಲ್ಲ. ನಿಜವಾಗಿ ನೋಡಿದರೆ ವರ ಯಾರ ಬಾಯಲ್ಲಿ ಬಂತು ಎಂಬುದಕ್ಕಿಂತ ಯಾರ ಕಿವಿಗೆ ಮುಟ್ಟಿತು, ಮುಟ್ಟಿ ಏನು ಮಾಡಿತು ಎಂಬುದೇ ಅವನಿಗೆ ಮುಖ್ಯ. 14ನೆಯ ಅಧ್ಯಾಯದಲ್ಲಿ ಅವನು ಅನ್ಯಭಾಷೆಗಳನ್ನು ಅಳೆಯುವ ಕೋಲೂ ಇದೇ: ಪಕ್ಕದಲ್ಲಿ ಕೂತವನಿಗೆ ತಿಳಿಯದಿದ್ದರೆ, ಅವನು ಆಮೆನ್ ಎನ್ನುವುದು ಹೇಗೆ? ಅಂಚೆಯವನ ಚೀಲದಲ್ಲಿರುವ ಕಾಗದ ಅಂಚೆಯವನದಲ್ಲ. ಅವನು ಅದನ್ನು ಮನೆಗೆ ಒಯ್ದು ಬೀರುವಿನಲ್ಲಿಟ್ಟರೆ ಅದಕ್ಕೆ ಬೇರೆಯೇ ಹೆಸರಿದೆ.

ಪಟ್ಟಿ ಮಾಡುವ ಚಪಲಕ್ಕೂ ಪತ್ರಿಕೆಗಳೇ ಅಡ್ಡ ಬರುತ್ತವೆ. 12ನೆಯ ಅಧ್ಯಾಯದ ಆರಂಭದಲ್ಲಿ ಒಂಬತ್ತು ವರಗಳಿವೆ: ಜ್ಞಾನವಾಕ್ಯ, ವಿದ್ಯಾವಾಕ್ಯ, ನಂಬಿಕೆ, ಗುಣಪಡಿಸುವುದು, ಮಹತ್ಕಾರ್ಯ, ಪ್ರವಾದನೆ, ಆತ್ಮಗಳ ವಿವೇಚನೆ, ಅನ್ಯಭಾಷೆಗಳು, ಅವುಗಳ ಅರ್ಥ ಹೇಳುವುದು. ಅದೇ ಅಧ್ಯಾಯದ ಕೊನೆಗೆ ಬರುವಾಗ ಪಟ್ಟಿ ಎಂಟಕ್ಕಿಳಿದಿದೆ; ಮೊದಲ ಪಟ್ಟಿಯ ಕೆಲವು ಮಾಯವಾಗಿ, ಸಹಾಯ ಮಾಡುವುದು, ಕಾರ್ಯಭಾರ ನಡೆಸುವುದು ಹೊಸದಾಗಿ ಸೇರಿವೆ. ರೋಮಾಪುರದವರಿಗೆ ಬರೆದದ್ದರಲ್ಲಿ ಏಳು; ಅಲ್ಲಿ ದಾನ ಕೊಡುವುದೂ ಕರುಣೆ ತೋರಿಸುವುದೂ ವರಗಳೇ, ಆದರೆ ಅನ್ಯಭಾಷೆಗಳ ಸುದ್ದಿಯೇ ಇಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ವರವೆಂದರೆ ಸಾಮರ್ಥ್ಯವಲ್ಲ, ಮನುಷ್ಯರು. ಪೇತ್ರನ ಮೊದಲನೆಯ ಪತ್ರಿಕೆಯಂತೂ ಎಲ್ಲವನ್ನೂ ಎರಡಕ್ಕೆ ಇಳಿಸುತ್ತದೆ, ಮಾತು ಮತ್ತು ಸೇವೆ. ಕೊರಿಂಥದವರಿಗೆ ಬರೆದ ಇದೇ ಮೊದಲನೆಯ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಪೌಲ ಮದುವೆಯಾಗದೆ ಇರುವುದನ್ನೂ ಇದೇ ಶಬ್ದದಿಂದ ಕರೆಯುತ್ತಾನೆ. ಒಬ್ಬನೇ ಲೇಖಕ, ಒಂದೇ ವಿಷಯ, ಮೂರು ಬಾರಿ ಮೂರು ಪಟ್ಟಿ: ಅವನಿಗೆ ಪಟ್ಟಿ ಮುಖ್ಯವಾಗಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೂ 1979ರಲ್ಲಿ ಅಮೆರಿಕದ ಪೀಟರ್ ವ್ಯಾಗ್ನರ್ ತಮ್ಮ ಪುಸ್ತಕದಲ್ಲಿ ಎಲ್ಲವನ್ನೂ ಕೂಡಿಸಿ ಇಪ್ಪತ್ತೇಳು ವರಗಳನ್ನು ಲೆಕ್ಕ ಹಾಕಿದರು. ಅಲ್ಲಿಂದೀಚೆಗೆ ಪ್ರಶ್ನಾವಳಿ ತುಂಬಿ, ಅಂಕ ಕೂಡಿಸಿ, ತನ್ನ ವರ ಯಾವುದೆಂದು ಕಂಡುಕೊಳ್ಳುವ ಪದ್ಧತಿ ಬೆಂಗಳೂರಿನ ಸಭೆಗಳವರೆಗೂ ಬಂದಿದೆ. ಇಂಥ ಪ್ರಶ್ನಾವಳಿಯಿಂದ ತಿಳಿಯುವುದು ನನಗೆ ಏನು ಇಷ್ಟ ಎಂಬುದು. ಪಕ್ಕದ ಬೆಂಚಿನವರಿಗೆ ನನ್ನಿಂದ ಏನಾಗಬೇಕು ಎಂಬುದನ್ನು ನನ್ನನ್ನು ಕೇಳಿ ತಿಳಿಯಲಾಗದು. ವರದ ಪರೀಕ್ಷೆ ಪಡೆದುಕೊಳ್ಳುವವರ ಕಡೆಯಿದ್ದರೆ, ಉತ್ತರಪತ್ರಿಕೆಯನ್ನು ಅವರ ಕೈಗೆ ಕೊಡಬೇಕಾಗಿತ್ತು.

ಎರಡನೆಯ ಊಹೆ ಹೆಚ್ಚು ಗಟ್ಟಿ, ಹೆಚ್ಚು ಅಪಾಯಕಾರಿ ಕೂಡ. ಸಮಾಜವನ್ನು ದೇಹಕ್ಕೆ ಹೋಲಿಸುವುದು ಪೌಲ ಕಂಡುಹಿಡಿದದ್ದಲ್ಲ. ರೋಮಿನ ಇತಿಹಾಸಕಾರ ಲಿವಿ ಹೇಳುವ ಪ್ರಕಾರ ಕ್ರಿಸ್ತಪೂರ್ವ 494ರಲ್ಲಿ ಸಾಲದಿಂದ ಬೇಸತ್ತ ಸಾಮಾನ್ಯ ಪ್ರಜೆಗಳು ಪಟ್ಟಣ ಬಿಟ್ಟು ಪವಿತ್ರಗುಡ್ಡದ ಮೇಲೆ ಹೋಗಿ ಕೂತರು. ಅವರನ್ನು ಒಲಿಸಲು ಸೆನೆಟ್ಟಿನ ಕಡೆಯಿಂದ ಮೆನೇನಿಯಸ್ ಅಗ್ರಿಪ್ಪ ಹೋದ. ಅವನು ಹೇಳಿದ ಕತೆಯಲ್ಲಿ ಕೈ, ಬಾಯಿ, ಹಲ್ಲುಗಳು ತಾವು ದುಡಿದದ್ದನ್ನು ಕೂತು ತಿನ್ನುವ ಹೊಟ್ಟೆಯ ಮೇಲೆ ಮುನಿದು ಮುಷ್ಕರ ಹೂಡುತ್ತವೆ. ಕೊನೆಗೆ ತಾವೇ ಸೊರಗಿ, ಹೊಟ್ಟೆಯೂ ರಕ್ತ ಹಂಚುವ ಕೆಲಸ ಮಾಡುತ್ತಿತ್ತೆಂದು ತಿಳಿದುಕೊಳ್ಳುತ್ತವೆ. ಹೊಟ್ಟೆಯೆಂದರೆ ಸೆನೆಟ್ಟು. ದೇಹದ ರೂಪಕಕ್ಕೆ ಆ ಕಾಲದಲ್ಲಿ ಇದ್ದ ಉಪಯೋಗ ಇದೇ, ಕೆಳಗಿನವರನ್ನು ಕೆಲಸಕ್ಕೆ ಮರಳಿಸುವುದು. (ಪ್ರಜೆಗಳು ಬರೀ ಕತೆ ಕೇಳಿ ಇಳಿದು ಬರಲಿಲ್ಲ, ತಮ್ಮ ಪರ ನಿಲ್ಲುವ ಟ್ರಿಬ್ಯೂನರೆಂಬ ಅಧಿಕಾರಿಗಳನ್ನು ಪಡೆದುಕೊಂಡೇ ಇಳಿದರು. ಕತೆ ಹೇಳುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಡುತ್ತಾರೆ.) ನಮ್ಮ ಮಟ್ಟಿಗೆ ಹೇಳುವುದಾದರೆ ಋಗ್ವೇದದ ಹತ್ತನೆಯ ಮಂಡಲದ ಪುರುಷಸೂಕ್ತ ಇದಕ್ಕಿಂತ ಹತ್ತಿರದ್ದು: ಬಾಯಿ ಬ್ರಾಹ್ಮಣ, ತೋಳು ರಾಜನ್ಯ, ತೊಡೆ ವೈಶ್ಯ, ಪಾದದಿಂದ ಶೂದ್ರ. ಕನ್ನಡದಲ್ಲಿ ಕಾಲು ಎಂಬುದು ಬರಿಯ ಅಂಗದ ಹೆಸರಲ್ಲ. ಕಾಲಿಗೆ ಬೀಳುತ್ತೇವೆ, ಬೇಡದವರನ್ನು ಕಾಲಕಸ ಮಾಡುತ್ತೇವೆ, ಸೇನೆಯ ಕೊನೆಯ ಸಾಲಿನವನು ಕಾಲಾಳು. ಈ ನೆಲದಲ್ಲಿ ಪೀಠದ ಮೇಲೆ ನಿಂತು ‘ನೀವು ಕಾಲು, ಕಾಲಾಗಿ ಸಂತೋಷವಾಗಿರಿ’ ಎಂದರೆ, ಹೇಳಿದವರ ಮನಸ್ಸು ಎಷ್ಟೇ ಶುದ್ಧವಾಗಿರಲಿ, ಕೇಳಿಸಿಕೊಳ್ಳುವವರಿಗೆ ಬೇರೊಂದು ಹಳೆಯ ಮಾತೇ ಕೇಳಿಸುತ್ತದೆ.

ಹಾಗಾದರೆ ಪೌಲನೂ ಮೆನೇನಿಯಸನ ಕೆಲಸವನ್ನೇ ಮಾಡಿದನೆ? ಅಧ್ಯಾಯವನ್ನು ನಿಧಾನವಾಗಿ ಓದಿದರೆ ಅಂಗಗಳು ಅಲ್ಲಿ ಎರಡು ಸಲ ಮಾತಾಡುತ್ತವೆಂದು ಕಾಣುತ್ತದೆ. ಮೊದಲು ಕಾಲು: ತಾನು ಕೈಯಲ್ಲವಾದ್ದರಿಂದ ದೇಹಕ್ಕೆ ಸೇರಿದವನಲ್ಲ ಎಂಬ ದೂರು. ಕಿವಿಯೂ ಕಣ್ಣನ್ನು ನೋಡಿ ಹಾಗೇ ಅನ್ನುತ್ತದೆ. ಆಮೇಲೆ ದಿಕ್ಕು ತಿರುಗುತ್ತದೆ. ಕಣ್ಣು ಕೈಗೆ, ತಲೆ ಕಾಲುಗಳಿಗೆ, ನೀವು ನನಗೆ ಬೇಕಾಗಿಲ್ಲ ಎಂದು ಹೇಳಲಾರವು. ನಮ್ಮ ಪ್ರಸಂಗಗಳು ಮೊದಲನೆಯ ಮಾತಿನಲ್ಲೇ ನಿಂತುಬಿಡುತ್ತವೆ. ಕಾಲನ್ನು ಸಮಾಧಾನಪಡಿಸಿ ಮುಗಿಸುತ್ತವೆ. ಕಣ್ಣನ್ನು ಗದರಿಸುವ ಭಾಗ ಬರುವ ಹೊತ್ತಿಗೆ ಸಮಯ ಮೀರಿರುತ್ತದೆ, ಅಥವಾ ಗದರಿಸಬೇಕಾದ ಕಣ್ಣು ಮೊದಲ ಸಾಲಿನಲ್ಲಿ ಕೂತಿರುತ್ತದೆ. ಆದರೆ ಪೌಲನ ವಾದದ ಭಾರವೆಲ್ಲ ಆ ಎರಡನೆಯ ಭಾಗದ ಮೇಲೆಯೇ ಇದೆ. ಬಲಹೀನವೆಂದು ತೋರುವ ಅಂಗಗಳೇ ಇಲ್ಲದಿದ್ದರೆ ನಡೆಯದಂಥವು. ಮಾನ ಕಡಿಮೆಯೆಂದು ನಾವೆಣಿಸುವ ಅಂಗಗಳಿಗೇ ಹೆಚ್ಚು ಬಟ್ಟೆ ತೊಡಿಸುತ್ತೇವೆ. ದೇವರು ಕೊರತೆಯುಳ್ಳದ್ದಕ್ಕೆ ಹೆಚ್ಚು ಮಾನ ಕೊಟ್ಟು ದೇಹವನ್ನು ಹೊಂದಿಸಿದ್ದಾನೆ. ಹಾಗೆ ಹೊಂದಿಸಿದ್ದು ದೇಹದಲ್ಲಿ ಭೇದವಿರಬಾರದೆಂದು. ಈ ಕೊನೆಯ ಕೊಂಡಿಯನ್ನು ಗಮನಿಸಬೇಕು. ಮಾನದ ಮರುಹಂಚಿಕೆ ಮೊದಲು, ಭೇದವಿಲ್ಲದಿರುವುದು ಆಮೇಲೆ. ಐಕ್ಯ ಇಲ್ಲಿ ಎಲ್ಲರೂ ಮೊದಲೇ ಒಪ್ಪಿಕೊಂಡು ಬರಬೇಕಾದ ಷರತ್ತಲ್ಲ. ಮರ್ಯಾದೆಯನ್ನು ಮೇಲಿಂದ ಕೆಳಕ್ಕೆ ಸಾಗಿಸಿದ್ದರ ಫಲ. ಮೆನೇನಿಯಸ್ ಕೈಕಾಲುಗಳಿಗೆ ಬುದ್ಧಿ ಹೇಳಲು ಹೋದ. ಪೌಲನ ಪತ್ರ ಹೊಟ್ಟೆಯ ಹೆಸರಿಗೂ ಬಂದಿದೆ.

ಕೊರಿಂಥದ ಪರಿಸ್ಥಿತಿ ತಿಳಿದರೆ ಇದು ಇನ್ನೂ ಸ್ಪಷ್ಟ. ಕ್ರಿಸ್ತಪೂರ್ವ 146ರಲ್ಲಿ ರೋಮನ್ನರು ನೆಲಸಮ ಮಾಡಿದ ಆ ಪಟ್ಟಣವನ್ನು 44ರಲ್ಲಿ ಜೂಲಿಯಸ್ ಸೀಸರ್ ವಸಾಹತಾಗಿ ಮತ್ತೆ ಕಟ್ಟಿಸಿದ. ಎರಡು ಕಡಲುಗಳ ಎರಡು ಬಂದರು, ಹೊಸ ದುಡ್ಡು, ಬಿಡುಗಡೆಯಾದ ಗುಲಾಮರು, ಮೇಲೇರುವ ಆತುರ. ಕ್ರಿಸ್ತಶಕ 50ರ ಆಸುಪಾಸಿನಲ್ಲಿ ಪೌಲ ಅಲ್ಲಿ ಸಭೆ ಸ್ಥಾಪಿಸಿದ. ಕೆಲವು ವರ್ಷದ ಬಳಿಕ ಎಫೆಸದಲ್ಲಿದ್ದಾಗ ಈ ಪತ್ರ ಬರೆದ. ಆ ಹೊತ್ತಿಗೆ ಅವರು ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು ಎಂದು ಪಂಗಡವಾಗಿದ್ದರು. ದೇಹದ ಅಧ್ಯಾಯಕ್ಕೆ ಬೆನ್ನು ಹತ್ತಿಕೊಂಡೇ ಹಿಂದೆ ಇರುವುದು ಊಟದ ಜಗಳ: ಕರ್ತನ ಭೋಜನಕ್ಕೆ ಸೇರಿದಾಗ ಉಳ್ಳವರು ತಮ್ಮ ತಮ್ಮ ಊಟ ಮುಂಚಿತವಾಗಿ ತಿಂದುಬಿಡುತ್ತಿದ್ದರು, ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಏನೂ ಇಲ್ಲದವರನ್ನು ನಾಚಿಸುತ್ತೀರಾ ಎಂದು ಅವನು ರೇಗುವುದು ಅಲ್ಲಿ. ಬಡಿಸುವ ಪಾತ್ರೆಯ ಪಕ್ಕದಿಂದ ಹುಟ್ಟಿದ ಮಾತನ್ನು ನಾವು ತೃಪ್ತಿಯ ಉಪದೇಶ ಮಾಡಿಕೊಂಡಿದ್ದೇವೆ.

ಕೊರಿಂಥದ ಮ್ಯೂಸಿಯಮ್ಮಿನಲ್ಲಿ ಅಸ್ಕ್ಲೇಪಿಯಸ್ ದೇವರ ಗುಡಿಯ ಅಗೆತದಲ್ಲಿ ಸಿಕ್ಕ ಸುಟ್ಟಮಣ್ಣಿನ ಅಂಗಗಳಿವೆ. ಮೊಣಕಾಲಿನ ಕೆಳಗಿನ ಕಾಲು, ಮಣಿಕಟ್ಟಿಗೆ ಕತ್ತರಿಸಿದಂಥ ಕೈ, ಕಿವಿ, ಮೊಲೆ. ಹಲವು ನಿಜದ ಅಳತೆಯವು. ವಾಸಿಯಾದವರು ಸಲ್ಲಿಸಿದ ಹರಕೆ. ನಮ್ಮ ಗುಡಿಗಳಲ್ಲಿ ಬೆಳ್ಳಿಯ ಕಣ್ಣು, ವೇಳಾಂಕಣ್ಣಿಯಲ್ಲಿ ಮೇಣದ ಕೈಕಾಲು ಒಪ್ಪಿಸುವಂತೆ. ಪೌಲ ಇವನ್ನು ನೋಡಿಯೇ ದೇಹದ ಮಾತು ಬರೆದನೆಂದು ಕೆಲವರು ಹೇಳುತ್ತಾರೆ. ಅದು ಕಷ್ಟ, ಏಕೆಂದರೆ ಇವುಗಳಲ್ಲಿ ಬಹುಪಾಲು ಅವನಿಗಿಂತ ಮೂರು ನಾಲ್ಕು ಶತಮಾನ ಹಿಂದಿನವು. ಆದರೆ ನನ್ನ ವಾದಕ್ಕೆ ಅವು ಬೇರೆ ರೀತಿಯಲ್ಲಿ ಒದಗುತ್ತವೆ. ಸಾಲಾಗಿ ಜೋಡಿಸಿದ ಆ ಕೈಗಳಿಗೂ ಕಾಲುಗಳಿಗೂ ಜಗಳವಿಲ್ಲ. ಪ್ರತಿಯೊಂದೂ ತನ್ನ ಜಾಗದಲ್ಲಿದೆ, ಬೇಕಾದಷ್ಟು ವೈವಿಧ್ಯವೂ ಇದೆ. ಮೂರನೆಯ ಊಹೆ ಕೇಳುವುದೆಲ್ಲ ಆ ಕಪಾಟಿನಲ್ಲಿದೆ. ಇಲ್ಲದಿರುವುದು ಒಂದರ ನೋವು ಇನ್ನೊಂದಕ್ಕೆ ತಿಳಿಯುವುದು. ಐಕ್ಯವನ್ನೂ ವೈವಿಧ್ಯವನ್ನೂ ತಕ್ಕಡಿಯ ಎರಡು ತಟ್ಟೆಗಳೆಂದು ಎಣಿಸಿದರೆ, ಒಂದು ಹೆಚ್ಚಿದಂತೆ ಇನ್ನೊಂದು ಕಡಿಮೆಯಾಗಬೇಕು. ದೇಹದಲ್ಲಿ ಹಾಗಾಗುವುದಿಲ್ಲ. ಕಣ್ಣು ನಡೆಯಲಾರದು ಎಂಬ ಕಾರಣಕ್ಕೇ ಅದು ಕಾಲಿಗೆ ಅಂಟಿಕೊಂಡಿದೆ. ಕಾಲೂ ನೋಡುವಂತಿದ್ದರೆ ಎರಡೂ ಅಕ್ಕಪಕ್ಕ ಇರಬಹುದಿತ್ತು, ಕೂಡಿರಬೇಕಾಗಿರಲಿಲ್ಲ. ಹಾಗಾಗಿ ಸಭೆಯೊಂದು ಐಕ್ಯದಲ್ಲಿದೆಯೇ ಎಂದು ತಿಳಿಯಲು ಅಲ್ಲಿ ಜಗಳವಿದೆಯೇ ಎಂದು ಕೇಳಿ ಪ್ರಯೋಜನವಿಲ್ಲ. ಯಾರಿಗೆ ಯಾರ ಅಗತ್ಯವಿದೆ, ಆ ಅಗತ್ಯವನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದಾರೆಯೇ ಎಂದು ಕೇಳಬೇಕು. ಬೋಧಕರಿಗೆ ಕುರ್ಚಿ ಜೋಡಿಸುವವರ ಕೈ ಮಾತ್ರ ಬೇಕಾಗಿದ್ದು, ಅವರ ಅಭಿಪ್ರಾಯ ಬೇಡವಾಗಿದ್ದರೆ ಅದು ಅಗತ್ಯವಲ್ಲ, ಬಳಕೆ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಹಗುರವಲ್ಲ. ಒಂದು: ಪೌಲನೇ ಅಧ್ಯಾಯದ ಕೊನೆಗೆ ಮೊದಲು ಅಪೊಸ್ತಲರು, ಎರಡನೆಯದಾಗಿ ಪ್ರವಾದಿಗಳು, ಮೂರನೆಯದಾಗಿ ಬೋಧಕರು ಎಂದು ಕ್ರಮಸಂಖ್ಯೆ ಹಾಕುತ್ತಾನೆ, ಶ್ರೇಷ್ಠವಾದ ವರಗಳನ್ನು ಅಪೇಕ್ಷಿಸಿರಿ ಎನ್ನುತ್ತಾನೆ, ಅಂದಮೇಲೆ ಶ್ರೇಣಿ ಇಲ್ಲವೆಂದು ಹೇಗೆ ಹೇಳುವುದು? ಒಪ್ಪುತ್ತೇನೆ, ಕ್ರಮ ಇದೆ. ಆದರೆ ಯಾವುದರ ಕ್ರಮ? ಕೊರಿಂಥದವರು ತಲೆಯ ಮೇಲೆ ಹೊತ್ತಿದ್ದ ಅನ್ಯಭಾಷೆಗಳು ಈ ಪಟ್ಟಿಯಲ್ಲಿ ಕಟ್ಟಕಡೆಗೆ ಹೋಗಿವೆ. ಮೇಲಿರುವ ಮೂರೂ ಇತರರಿಗೆ ಅರ್ಥವಾಗುವ ಮಾತಿನ ಕೆಲಸಗಳು. 14ನೆಯ ಅಧ್ಯಾಯ ಅದನ್ನೇ ಬಿಡಿಸಿ ಹೇಳುತ್ತದೆ: ಸಭೆಯನ್ನು ಕಟ್ಟುವುದು ದೊಡ್ಡದು, ತನ್ನನ್ನೇ ಕಟ್ಟಿಕೊಳ್ಳುವುದು ಸಣ್ಣದು. ಹಾಗಾಗಿ ಇದು ಮನುಷ್ಯರ ಶ್ರೇಣಿಗಿಂತ ಉಪಯೋಗದ ಶ್ರೇಣಿ. ಅಂದಹಾಗೆ ಕಾರ್ಯಭಾರ ನಡೆಸುವ ವರ, ಗ್ರೀಕಿನಲ್ಲಿ ಹಡಗಿನ ಚುಕ್ಕಾಣಿ ಹಿಡಿಯುವುದಕ್ಕಿರುವ ಶಬ್ದ, ಎಂಟರಲ್ಲಿ ಏಳನೆಯದು; ಸಹಾಯ ಮಾಡುವುದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ನಮ್ಮಲ್ಲಿ ಪ್ಯಾನೆಲ್ ಕಟ್ಟಿಕೊಂಡು, ಕೋರ್ಟಿಗೂ ಹೋಗಿ ಹೋರಾಡುವುದು ಆ ಏಳನೆಯದಕ್ಕಾಗಿ.

ಇನ್ನೊಂದು ಆಕ್ಷೇಪ ಹೆಚ್ಚು ಕಷ್ಟದ್ದು. ಎಲ್ಲರ ವರಕ್ಕೂ ಬಾಯಿ ಕೊಡುವ ಅದೇ ಪತ್ರಿಕೆ, ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು ಎನ್ನುತ್ತದಲ್ಲ? ಇದಕ್ಕೆ ಸಲೀಸಾದ ಉತ್ತರ ನನ್ನಲ್ಲಿಲ್ಲ. 11ನೆಯ ಅಧ್ಯಾಯದಲ್ಲಿ ಹೆಂಗಸರು ಪ್ರಾರ್ಥನೆ ಮಾಡುವುದನ್ನೂ ಪ್ರವಾದಿಸುವುದನ್ನೂ ಪೌಲ ನಡೆದುಬಂದ ಸಂಗತಿಯಾಗಿ ಒಪ್ಪಿ, ತಲೆಯ ಮುಸುಕಿನ ಬಗ್ಗೆ ಮಾತ್ರ ಮಾತಾಡುತ್ತಾನೆ. ಮೂರು ಅಧ್ಯಾಯದಾಚೆ ಬಾಯಿ ಮುಚ್ಚಿಸುವ ವಾಕ್ಯಗಳಿವೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಈ ಎರಡು ವಚನಗಳು ಅಲ್ಲಿಲ್ಲ, ಅಧ್ಯಾಯದ ಕೊನೆಯಲ್ಲಿವೆ. ಹೀಗೆ ಜಾಗ ಬದಲಿಸಿದ್ದರಿಂದ ಅವು ಅಂಚಿನಲ್ಲಿ ಯಾರೋ ಬರೆದದ್ದು ಒಳಗೆ ಸೇರಿರಬಹುದು ಎಂದು ಗಾರ್ಡನ್ ಫೀ ಮುಂತಾದ ವಿದ್ವಾಂಸರು ವಾದಿಸಿದ್ದಾರೆ. ಒಪ್ಪದವರೂ ಅಷ್ಟೇ ಮಂದಿ ಇದ್ದಾರೆ. ವಾಕ್ಯ ಪೌಲನದೇ ಎಂದಿಟ್ಟುಕೊಂಡರೂ ಒಂದು ಮಾತು ಉಳಿಯುತ್ತದೆ: ಅದು ಅವನ ದೇಹದ ವಾದದೊಂದಿಗೆ ಕೂಡುವುದಿಲ್ಲ, ಎರಡರಲ್ಲಿ ಒಂದನ್ನು ಇನ್ನೊಂದರ ಬೆಳಕಿನಲ್ಲಿ ಓದಲೇಬೇಕು. ಯಾವುದನ್ನು ಯಾವುದರ ಬೆಳಕಿನಲ್ಲಿ ಎಂಬುದನ್ನು ಸಭೆಗಳು ನಿಧಾನವಾಗಿ ತೀರ್ಮಾನಿಸಿವೆ. ದಕ್ಷಿಣ ಇಂಡಿಯಾ ಸಭೆ ತನ್ನ ಮೊದಲ ಮಹಿಳಾ ಬಿಷಪರನ್ನು ಅಭಿಷೇಕಿಸಿದ್ದು 2013ರಲ್ಲಿ.

ಹಾಗಾದರೆ ಎಲ್ಲ ವ್ಯತ್ಯಾಸವೂ ವರವೇ? ಅಲ್ಲ; ಈಚೆಗೆ ವೈವಿಧ್ಯ ಎಂಬ ಶಬ್ದವನ್ನು ಕುಂಕುಮದಂತೆ ಎಲ್ಲದಕ್ಕೂ ಹಚ್ಚುವವರು ಇಲ್ಲಿ ಎಡವುತ್ತಾರೆ. ತಮಿಳುನಾಡಿನ ವಡಕ್ಕನ್‌ಕುಳಂನ ಕಥೋಲಿಕ ದೇವಾಲಯದಲ್ಲಿ ವೆಳ್ಳಾಳರಿಗೊಂದು, ನಾಡಾರರಿಗೊಂದು ಎಂದು ಎರಡು ಹಜಾರಗಳನ್ನು ಬೇರೆಬೇರೆಯಾಗಿ ಕಟ್ಟಿ, ಬಲಿಪೀಠದ ಬಳಿ ಕೂಡಿಸಿದ್ದರು. ಒಬ್ಬನೇ ಗುರು, ಒಂದೇ ಪೂಜೆ, ನಡುವೆ ಗೋಡೆ. 1910ರಲ್ಲಿ ಅದನ್ನು ಕೆಡವಿದರು. ಆ ಗೋಡೆಯ ಪರವಾಗಿಯೂ ‘ಭಿನ್ನತೆಯಲ್ಲಿ ಏಕತೆ’ ಎಂದು ವಾದಿಸಲು ಏನು ತೊಂದರೆ? ತೊಂದರೆ ಇದು: ಜಾತಿಯ ವ್ಯತ್ಯಾಸದಿಂದ ಯಾರಿಗೂ ಏನೂ ಸಿಗುವುದಿಲ್ಲ. ಅದು ಹುಟ್ಟಿನಿಂದ ಬರುತ್ತದೆ, ಆತ್ಮದ ಹಂಚಿಕೆಯಿಂದಲ್ಲ. ಇತರರ ಕಡೆ ಹರಿಯುವುದಿಲ್ಲ, ಇತರರನ್ನು ತಡೆಯುತ್ತದೆ. ವರವನ್ನೂ ಭೇದವನ್ನೂ ಬೇರ್ಪಡಿಸುವ ಗೆರೆ ಇಲ್ಲಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಕುರಿತು ಮಾತಾಡಿದ್ದು ಮುಂದೆ ದಲಿತ ದೇವತಾಶಾಸ್ತ್ರಕ್ಕೆ ನಾಂದಿಯಾಯಿತು. ಭಾರತದ ಸಭೆಯಲ್ಲಿ ಬಹುಸಂಖ್ಯೆಯಲ್ಲಿರುವವರ ಅನುಭವ ಅದರ ದೇವತಾಶಾಸ್ತ್ರದಲ್ಲಿ ಕಾಣುವುದೇ ಇಲ್ಲ ಎಂಬುದು ಆ ಚಿಂತನೆಯ ತಿರುಳು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಕಾಲುಗಳು ಹೊತ್ತು ನಡೆದ ದೇಹಕ್ಕೆ ಕಾಲುಗಳು ಕಂಡ ದಾರಿ ಗೊತ್ತಿರಲಿಲ್ಲ.

ಸಭೆಸಭೆಗಳ ನಡುವಿನ ಐಕ್ಯಕ್ಕೂ ಇದೇ ತರ್ಕ ಹಿಡಿಯುತ್ತದೆ. ಅದನ್ನು ಚುಟುಕಾಗಿ ಹೇಳುತ್ತೇನೆ. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯಾಗಿ ಮುಗಿಯಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಬಿಷಪರುಳ್ಳ ಆಂಗ್ಲಿಕನ್ನರು, ಬಿಷಪರಿಲ್ಲದ ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಒಂದಾದರು. ಗಂಟು ಇದ್ದದ್ದು ಪೂಜಾವಿಧಿಯಲ್ಲಲ್ಲ, ಬಿಷಪರ ಹಸ್ತಾರ್ಪಣೆಯಿಲ್ಲದೆ ದೀಕ್ಷೆ ಪಡೆದ ಪಾಸ್ಟರುಗಳು ಪೂರ್ಣ ಪಾಸ್ಟರುಗಳೇ ಎಂಬ ಪ್ರಶ್ನೆಯಲ್ಲಿ. ಯಾರಿಗೂ ಮರುದೀಕ್ಷೆ ಬೇಡವೆಂದು ಕೊನೆಗೆ ತೀರ್ಮಾನವಾಯಿತು. ಯಾವ ಸಭೆಯ ಮೇಲೂ ಅದಕ್ಕೆ ಒಗ್ಗದ ಆರಾಧನಾ ಕ್ರಮವನ್ನು ಹೇರಬಾರದೆಂದು ಪ್ರತಿಜ್ಞೆಯೂ ಆಯಿತು. ಅಂದರೆ ಆಂಗ್ಲಿಕನ್ ಕಣ್ಣು ಮೆಥೊಡಿಸ್ಟ್ ಕೈಗೆ ‘ನೀನು ಕೈಯೇ, ನನ್ನಿಂದ ಪ್ರಮಾಣಪತ್ರ ಬೇಡ’ ಎಂದು ಹೇಳಬೇಕಾಗಿತ್ತು. ಹಾಗೆ ಹೇಳಿದ್ದರಿಂದಲೇ ಇಂದು ಬೆಂಗಳೂರಿನಲ್ಲಿ ಆಂಗ್ಲಿಕನ್ ಮೂಲದ ಸೇಂಟ್ ಮಾರ್ಕ್ಸ್, ಸ್ಕಾಟಿಷ್ ಪ್ರೆಸ್ಬಿಟೇರಿಯನ್ ಮೂಲದ ಸೇಂಟ್ ಆಂಡ್ರೂಸ್, ವೆಸ್ಲಿಯನ್ ಮೂಲದ ಹಡ್ಸನ್ ಸ್ಮಾರಕ ದೇವಾಲಯ ಒಂದೇ ಸಭೆಯ ಅಂಗಗಳಾಗಿವೆ.

ನನಗೆ ಇದಕ್ಕಿಂತ ಹತ್ತಿರವೆನಿಸುವ ಉದಾಹರಣೆ ಪುಣೆಯ ಬಳಿಯ ಕೇಡಗಾಂವಿನದು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಎದುರಾದ ವಿರೋಧದಿಂದ ದೂರವಾಗಿ, ಕಾರ್ಕಳದ ಮಾಳದ ಕಡೆಯವರಾದ ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾಡು ಸೇರಿದ ಜಾಗ ಅದು. ಮುಂದೆ ಕ್ರೈಸ್ತಳಾದ ರಮಾಬಾಯಿ ಕೇಡಗಾಂವಿನ ಮುಕ್ತಿ ಸದನದಲ್ಲಿ ಬರಗಾಲದ ಅನಾಥೆಯರನ್ನೂ ಬಾಲವಿಧವೆಯರನ್ನೂ ಸಾಕಿದರು. 1905ರಲ್ಲಿ ಅಲ್ಲಿ ಎದ್ದ ಉಜ್ಜೀವನದಲ್ಲಿ ಈ ಹುಡುಗಿಯರು ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸಿದರು, ಅತ್ತರು, ಆಮೇಲೆ ಅನ್ಯಭಾಷೆಗಳಲ್ಲೂ ಮಾತಾಡಿದರು. ಹಲವು ಮಿಷನರಿಗಳಿಗೆ ಅದು ಬರೀ ಗದ್ದಲ. ರಮಾಬಾಯಿ ಅವರನ್ನು ಸುಮ್ಮನಿರಿಸಲಿಲ್ಲ. ಭಾರತೀಯರು ತಮ್ಮ ರೀತಿಯಲ್ಲಿ ಪ್ರಾರ್ಥಿಸಲಿ ಎಂದು ಅವರ ಪರ ನಿಂತರು. ಅಲ್ಲಿದ್ದ ಮಿನ್ನಿ ಏಬ್ರಮ್ಸ್ ಇದರ ಬಗ್ಗೆ ಬರೆದ ಪುಸ್ತಿಕೆ ಚಿಲಿ ದೇಶದ ವಾಲ್ಪರೈಸೊ ತಲುಪಿ, ಅಲ್ಲಿನ ಪೆಂಟೆಕೊಸ್ತ್ ಚಳವಳಿಗೆ ಕಿಡಿಯಾಯಿತು. ಆದರೆ ಅದೇ ಸದನದಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’, ‘ಸರಸ್ವತಿ’ ಎನಿಸಿಕೊಂಡ ರಮಾಬಾಯಿ ಓದುಬರಹ ಕಡಿಮೆಯಿದ್ದ ಹೆಂಗಸರಿಗೆ ತಿಳಿಯುವಂಥ ಸರಳ ಮರಾಠಿಯಲ್ಲಿ ಬೈಬಲನ್ನು ಅನುವಾದಿಸುತ್ತಿದ್ದರು. ಅದಕ್ಕಾಗಿ ಮೊಳೆ ಜೋಡಿಸಿ, ಮುದ್ರಿಸಿ, ಹೊಲಿದು, ಬೈಂಡು ಹಾಕಿದ್ದು ಆ ಹೆಂಗಸರೇ. ಅಂಧರಿಗೆ ಬ್ರೈಲ್ ಕಲಿಸುವ ವ್ಯವಸ್ಥೆಯೂ ಅಲ್ಲಿತ್ತು. 1922ರ ಏಪ್ರಿಲಿನಲ್ಲಿ ರಮಾಬಾಯಿ ತೀರಿಕೊಂಡರು. ಪೂರ್ಣ ಬೈಬಲು ಹೊರಬಂದದ್ದು 1924ರಲ್ಲಿ.

ಈ ಮುದ್ರಣಾಲಯವನ್ನು ಕೈ ಕೈಯ ಕೆಲಸ ಮಾಡಿತು ಎಂದು ಓದಬಹುದು: ಪಂಡಿತೆ ಅನುವಾದಿಸಿದಳು, ಅನಾಥೆ ಮೊಳೆ ಜೋಡಿಸಿದಳು. ಆದರೆ ಒಳಗಿನ ತರ್ಕ ತಲೆಕೆಳಗು. ಸಂಸ್ಕೃತದ ಎತ್ತರದ ಪಾಂಡಿತ್ಯ ತನ್ನ ವಾಕ್ಯವನ್ನು ಮುರಿದು ಮತ್ತೆ ಕಟ್ಟಬೇಕಾಗಿ ಬಂದದ್ದು ಮೊಳೆ ಜೋಡಿಸುವವಳಿಗೆ ಅರ್ಥವಾಗಲೆಂದು. ಅಳತೆಗೋಲು ಅವಳ ತಿಳಿವಳಿಕೆಯಾಗಿತ್ತು. ನಿನ್ನೆಯವರೆಗೆ ಯಾವ ಪುಸ್ತಕವೂ ಲೆಕ್ಕಕ್ಕಿಡದಿದ್ದವಳಿಗಾಗಿ ಒಂದು ಭಾಷೆಯ ಅತಿ ದೊಡ್ಡ ಪುಸ್ತಕ ಮತ್ತೆ ಬರೆಸಿಕೊಂಡಿತು. ಕೊರತೆಯುಳ್ಳದ್ದಕ್ಕೆ ಹೆಚ್ಚು ಮಾನ ಎಂದರೆ ಪೀಠದ ಮೇಲಿಂದ ಕೃತಜ್ಞತೆ ಹೇಳಿ ಶಾಲು ಹೊದಿಸುವುದಲ್ಲ. ಬಲ್ಲವರ ಕೆಲಸದ ರೀತಿಯೇ ಅರಿಯದವರ ಅಗತ್ಯಕ್ಕೆ ತಕ್ಕಂತೆ ಬದಲಾಗುವುದು.

ಕೊನೆಯದಾಗಿ ಶಿಸ್ತಿನ ಪ್ರಶ್ನೆ. ಇಷ್ಟೆಲ್ಲ ಬಾಯಿ ಬಿಟ್ಟರೆ ಸಭೆ ಸಂತೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ, ಅವರ ಭಯ ಸುಳ್ಳಲ್ಲ. ಪೌಲನಿಗೂ ಆ ಭಯವಿತ್ತು, ಅದಕ್ಕೇ ನಿಯಮ ಹಾಕಿದ: ಅನ್ಯಭಾಷೆಯಾದರೆ ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು, ಅರ್ಥ ಹೇಳುವವನಿಲ್ಲದಿದ್ದರೆ ಸುಮ್ಮನಿರಲಿ. ಪ್ರವಾದಿಗಳೂ ಇಬ್ಬರು ಮೂವರು ಮಾತಾಡಲಿ, ಉಳಿದವರು ಅದನ್ನು ವಿವೇಚಿಸಲಿ. ಇಷ್ಟನ್ನು ನಮ್ಮ ಸಭೆಗಳಲ್ಲಿ ಆಗಾಗ ನೆನಪಿಸುತ್ತಾರೆ, ಎಲ್ಲವೂ ಕ್ರಮವಾಗಿ ನಡೆಯಲಿ ಎಂಬ ಮುಗಿತಾಯದ ಮಾತನ್ನಂತೂ ಕಮಿಟಿ ಸಭೆಗಳಲ್ಲೂ ಉಪಯೋಗಿಸುತ್ತಾರೆ. ಅದೇ ನಿಯಮಗಳ ನಡುವೆ ಇನ್ನೊಂದಿದೆ, ಅದನ್ನು ಯಾರೂ ನೆನಪಿಸಿದ್ದನ್ನು ನಾನು ಕೇಳಿಲ್ಲ. ಒಬ್ಬನು ನಿಂತು ಮಾತಾಡುತ್ತಿರುವಾಗ ಕೂತಿರುವ ಇನ್ನೊಬ್ಬನಿಗೆ ಏನಾದರೂ ತಿಳಿದುಬಂದರೆ, ಸುಮ್ಮನಾಗಬೇಕಾದವನು ಮೊದಲು ಮಾತಾಡುತ್ತಿದ್ದವನು. ನಮ್ಮ ಆರಾಧನಾ ಕ್ರಮದಲ್ಲಿ ಹಾಡಿಗೆ, ಪಾಠಕ್ಕೆ, ಪ್ರಸಂಗಕ್ಕೆ, ಕಾಣಿಕೆಗೆ, ಪ್ರಕಟಣೆಗಳಿಗೂ ಜಾಗವಿದೆ. ಬೆಂಚಿನಿಂದ ಎದ್ದು ನಿಂತವರಿಗಾಗಿ ಪೀಠದಲ್ಲಿರುವವರು ಕೂತುಕೊಳ್ಳುವ ಜಾಗ ಎಲ್ಲಿದೆಯೆಂದು ಹುಡುಕುತ್ತ ಮುದ್ರಿತ ಕ್ರಮವನ್ನು ಎರಡು ಸಲ ತಿರುವಿಹಾಕಿದ್ದೇನೆ. ಅಲ್ಲಿ ಆ ಸಾಲು ಇಲ್ಲ.